ಮೇಲೆ ಕಟ್ಟಿಟ್ಟ ಹಳದಿ ಹಗ್ಗ

ನಾನು ಹದಿನಾಲ್ಕು ವರ್ಷ ದುಡಿದ ಕಾರ್ಖಾನೆಯ ಎರಡನೇ ಅಸೆಂಬ್ಲಿ ಲೈನಿನ ಉದ್ದಕ್ಕೂ, ಆಪರೇಟರುಗಳ ತಲೆಗಿಂತ ಒಂದು ಗೇಣು ಮೇಲೆ, ಒಂದು ಹಳದಿ ಹಗ್ಗ ಹಾದುಹೋಗಿತ್ತು. ಅದನ್ನು ಆಂಡಾನ್ ಹಗ್ಗ ಎನ್ನುತ್ತಾರೆ. ಬೋಲ್ಟು ಸರಿಯಾಗಿ ಕೂರದಿದ್ದರೆ, ಬಂದ ಬಿಡಿಭಾಗದಲ್ಲೇ ಬಿರುಕು ಕಂಡರೆ, ಅಥವಾ ಕೊಟ್ಟ ಸೆಕೆಂಡುಗಳಲ್ಲಿ ಕೆಲಸ ಮುಗಿಯದಿದ್ದರೆ, ಆ ಸ್ಥಾನದಲ್ಲಿ ನಿಂತ ಯಾವ ಕಾರ್ಮಿಕರು ಬೇಕಾದರೂ ಅದನ್ನು ಎಳೆಯಬಹುದು. ಎಳೆದ ಕೂಡಲೇ ಮೇಲಿನ ಫಲಕದಲ್ಲಿ ಆ ಸ್ಟೇಷನ್ನಿನ ಸಂಖ್ಯೆ ಬೆಳಗುತ್ತದೆ, ಟೀಮ್ ಲೀಡರ್ ಓಡಿ ಬರುತ್ತಾರೆ, ಅವರಿಂದಲೂ ಸರಿಹೋಗದಿದ್ದರೆ ಲೈನು ನಿಲ್ಲುತ್ತದೆ. ವ್ಯರ್ಥವನ್ನು ಹುಡುಕಿ ತೆಗೆಯುವ, ಟೊಯೋಟಾದಲ್ಲಿ ಹುಟ್ಟಿದ ಲೀನ್ ಉತ್ಪಾದನಾ ಪದ್ಧತಿಯ ಬಗ್ಗೆ ತರಬೇತಿ ಕೊಡುವವರೆಲ್ಲರೂ ಮೊದಲು ತೋರಿಸುವುದು ಈ ಹಗ್ಗವನ್ನೇ. ಒಬ್ಬ ಸಾಮಾನ್ಯ ಕಾರ್ಮಿಕನ ಕೈಗೆ ಇಡೀ ಲೈನನ್ನು ನಿಲ್ಲಿಸುವ ಅಧಿಕಾರ ಕೊಟ್ಟ ಪದ್ಧತಿ ಇದು ಎಂದು ಅವರು ಹೇಳುತ್ತಾರೆ, ಮತ್ತು ಆ ಮಾತು ನಿಜ.

ಒಂದು ಮಾರ್ಚ್ ತಿಂಗಳ ಕೊನೆಯ ವಾರ, ರಾತ್ರಿ ಪಾಳಿಯಲ್ಲಿ, ಆ ಹಗ್ಗವನ್ನು ಕೇಬಲ್ ಟ್ರೇಗೆ ಎರಡು ಸುತ್ತು ಸುತ್ತಿ, ಪ್ಲಾಸ್ಟಿಕ್ ಟೈ ಹಾಕಿ ಮೇಲೆ ಕಟ್ಟಿಟ್ಟಿದ್ದನ್ನು ನಾನು ಕಂಡೆ. ವರ್ಷಾಂತ್ಯದ ಡಿಸ್ಪ್ಯಾಚ್ ಬಾಕಿ ಇತ್ತು, ಲೈನು ನಿಲ್ಲುವಂತಿರಲಿಲ್ಲ. ಕಟ್ಟಿದವರು ಯಾರೆಂದು ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ, ನಾನೂ ಕೇಳಲಿಲ್ಲ. ಕೆಳಗೆ ನಿಂತಿದ್ದ ಹುಡುಗರು ಕೈಗೆಟುಕದ ಆ ಹಗ್ಗದ ಕಡೆ ನೋಡದೆ ಕೆಲಸ ಮಾಡುತ್ತಿದ್ದರು. ಯೂನಿಯನ್ ಸಮಿತಿಯ ಸದಸ್ಯರೊಬ್ಬರು ಬೆಳಗಿನ ಪಾಳಿಗೆ ಬಂದವರು ಅದನ್ನು ನೋಡಿ, ಸ್ಟೂಲು ಹಾಕಿಕೊಂಡು ಹತ್ತಿ, ಟೈ ಕತ್ತರಿಸಿ, ಹಗ್ಗವನ್ನು ಮೊದಲಿದ್ದಂತೆ ಇಳಿಬಿಟ್ಟರು. ಆಮೇಲೆ ನೇರವಾಗಿ ಎಚ್.ಆರ್. ಕಚೇರಿಗೆ ನಡೆದರು.

ಈಗ ನಾನು ಒಂದು ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುತ್ತೇನೆ. ಉತ್ಪಾದನಾ ನಿರ್ವಹಣೆಯ ಪಾಠ ಬಂದಾಗಲೆಲ್ಲ ಯಾರಾದರೊಬ್ಬ ವಿದ್ಯಾರ್ಥಿ, "ಸರ್, ಯೂನಿಯನ್ ಇರೋ ಕಡೆ ಲೀನ್ ಮಾಡೋಕಾಗಲ್ಲ ಅಲ್ವಾ?" ಎಂದು ಕೇಳುತ್ತಾನೆ. ಅವನಿಗೆ ಆ ಮಾತನ್ನು ಕಲಿಸಿದವರು ನನ್ನಂಥವರೇ. ನಾನು ಕೂಡ ಸೇವೆಯ ಮೊದಲ ಐದಾರು ವರ್ಷ ಹಾಗೆಯೇ ನಂಬಿದ್ದೆ. ಇಂದು ನಾನು ನಂಬುವುದು ಇದಕ್ಕೆ ತೀರ ವಿರುದ್ಧವಾದದ್ದನ್ನು: ಹಗ್ಗ ಎಳೆದವನ ಕೆಲಸ ಹೋಗುವುದಿಲ್ಲ ಎಂಬ ಭರವಸೆ ಇಲ್ಲದ ಕಡೆ ಲೀನ್ ಎಂಬುದು ನಡೆಯುವುದೇ ಇಲ್ಲ, ಆ ಹೆಸರಿನಲ್ಲಿ ಬೇರೇನೋ ನಡೆಯುತ್ತದೆ, ಮತ್ತು ಆ ಭರವಸೆಯನ್ನು ಕಾಗದದ ಮೇಲೆ ಬರೆಸಿ, ಬರೆದದ್ದನ್ನು ಉಳಿಸಿಕೊಳ್ಳುವ ಶಕ್ತಿ ನಾನು ನೋಡಿದ ಮಟ್ಟಿಗೆ ಯೂನಿಯನ್‌ಗೆ ಮಾತ್ರ ಇದೆ.

ಈ ಪದ್ಧತಿ ಹುಟ್ಟಿದ ಊರಿನ ಕಥೆಯಲ್ಲೇ ಇದು ಇದೆ. ಎರಡನೇ ಮಹಾಯುದ್ಧದ ನಂತರ ಜಪಾನಿನಲ್ಲಿ ಹಣದುಬ್ಬರ ತಡೆಯಲು ಕೈಗೊಂಡ ಕಠಿಣ ಕ್ರಮಗಳಿಂದ ಟೊಯೋಟಾ ಕಂಪನಿ 1949ರ ಹೊತ್ತಿಗೆ ದಿವಾಳಿಯ ಅಂಚಿಗೆ ಬಂದಿತ್ತು. ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಎಂಬ ಮಾತಿನ ಮೇಲೆ ಕಾರ್ಮಿಕರು ಶೇಕಡ 10ರಷ್ಟು ವೇತನ ಕಡಿತಕ್ಕೆ ಒಪ್ಪಿದ್ದರು. ಆದರೂ 1950ರ ಏಪ್ರಿಲ್‌ನಲ್ಲಿ ಸುಮಾರು 1,600 ಮಂದಿ ಸ್ವಯಂ ನಿವೃತ್ತಿ ಪಡೆಯಬೇಕೆಂದು ಕಂಪನಿ ಕೇಳಿದಾಗ ಯೂನಿಯನ್ ಮುಷ್ಕರಕ್ಕಿಳಿಯಿತು. ಜೂನ್‌ನಲ್ಲಿ ವಿವಾದ ಮುಗಿಯುವ ಹೊತ್ತಿಗೆ ಕಂಪನಿಯ ಸಂಸ್ಥಾಪಕ ಕೀಚಿರೋ ಟೊಯೋಡಾ ಕೊಟ್ಟ ಮಾತು ತಪ್ಪಿದ ಹೊಣೆ ಹೊತ್ತು ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದರು. ಜನ ಕೆಲಸ ಬಿಟ್ಟು ಹೋದದ್ದು ನಿಜ, ಆದರೆ ಉಳಿದವರಿಗೆ ಸಿಕ್ಕಿದ್ದು ದೀರ್ಘಾವಧಿ ಉದ್ಯೋಗದ ಖಾತರಿ ಮತ್ತು ಸೇವಾವಧಿಗೆ ತಕ್ಕಂತೆ ಏರುವ ವೇತನ. ಟೊಯೋಟಾದ ಇಂಜಿನಿಯರ್ ತೈಚಿ ಓನೊ ತಮ್ಮ ಮೆಷಿನ್ ಶಾಪಿನಲ್ಲಿ ಒಬ್ಬರಿಗೆ ಹಲವು ಯಂತ್ರ ವಹಿಸುವ ಕ್ರಮವನ್ನು, ಬೇಕಾದಾಗ ಬೇಕಾದಷ್ಟೇ ಬಿಡಿಭಾಗ ತರಿಸಿಕೊಳ್ಳುವ ಕಾನ್‌ಬಾನ್ ಚೀಟಿಯನ್ನು, ಲೈನು ನಿಲ್ಲಿಸುವ ಅಧಿಕಾರವನ್ನು ಹಂತ ಹಂತವಾಗಿ ಬೆಳೆಸಿದ್ದು ಈ ಖಾತರಿಯ ನೆಲದ ಮೇಲೆ. ಕೆಲಸ ಹೋಗುವ ಭಯವಿಲ್ಲದವನು ಮಾತ್ರ, "ಈ ಕೆಲಸಕ್ಕೆ ಇಬ್ಬರು ಬೇಡ, ಒಬ್ಬರು ಸಾಕು" ಎಂದು ತಾನಾಗಿ ಬಂದು ಹೇಳಬಲ್ಲ.

ಇದನ್ನು ಹೊಗಳಿಕೆಯ ಕಥೆಯಾಗಿ ಹೇಳಲು ನನಗೆ ಮನಸ್ಸಿಲ್ಲ. ಅದೇ ದಶಕದಲ್ಲಿ, 1953ರಲ್ಲಿ, ನಿಸ್ಸಾನ್ ಕಂಪನಿಯಲ್ಲಿ ನಡೆದ ದೀರ್ಘ ಮುಷ್ಕರವನ್ನು ಮುರಿದು, ಆಡಳಿತದ ಜೊತೆ ಹೊಂದಿಕೊಂಡು ಹೋಗುವ ಹೊಸ ಯೂನಿಯನ್ನನ್ನು ನಿಲ್ಲಿಸಲಾಯಿತು. ಮೋಟಾರು ಉದ್ಯಮದ ಹಲವು ಕಂಪನಿಗಳ ಕಾರ್ಮಿಕರನ್ನು ಒಂದುಗೂಡಿಸಿದ್ದ ಸಂಘ ಮರುವರ್ಷ ವಿಸರ್ಜನೆಯಾಯಿತು. ಅಲ್ಲಿಂದ ಮುಂದೆ ಜಪಾನಿನ ಕಾರು ಉದ್ಯಮದಲ್ಲಿ ಉಳಿದದ್ದು ಕಂಪನಿಗೊಂದರಂತೆ ಇರುವ ಸಂಘಗಳು. ಟೊಯೋಟಾದಲ್ಲಿ 1962ರಲ್ಲಿ ಆಡಳಿತ ಮತ್ತು ಸಂಘ ಪರಸ್ಪರ ವಿಶ್ವಾಸದ ಜಂಟಿ ಘೋಷಣೆಗೆ ಸಹಿ ಹಾಕಿದವು. ಉದ್ಯೋಗ ಭದ್ರವಾಯಿತು, ಆದರೆ ಕೆಲಸದ ವೇಗವನ್ನು ಪ್ರಶ್ನಿಸುವ ದನಿ ಸಣ್ಣದಾಯಿತು. ಅದರ ಬೆಲೆ ಎಷ್ಟೆಂಬುದು ಬಹಳ ವರ್ಷಗಳ ನಂತರ ಒಂದು ತೀರ್ಪಿನಲ್ಲಿ ಹೊರಬಿತ್ತು. 2002ರಲ್ಲಿ ಟೊಯೋಟಾದ ಮೂವತ್ತು ವರ್ಷದ ನೌಕರರೊಬ್ಬರು ಕಾರ್ಖಾನೆಯಲ್ಲೇ ಕುಸಿದು ತೀರಿಕೊಂಡಿದ್ದರು. ಅವರ ಪತ್ನಿ ಹೂಡಿದ ದಾವೆಯಲ್ಲಿ ನಗೋಯಾ ಜಿಲ್ಲಾ ನ್ಯಾಯಾಲಯ 2007ರ ನವೆಂಬರ್‌ನಲ್ಲಿ, ಕ್ವಾಲಿಟಿ ಸರ್ಕಲ್ (ಗುಣಮಟ್ಟ ಸುಧಾರಿಸಲು ಸೇರುವ ಕಾರ್ಮಿಕರ ಗುಂಪು) ಮತ್ತು ಸಲಹಾ ಯೋಜನೆಯ ಕೆಲಸಕ್ಕೆ ಅವರು ಕಳೆದ ಹೊತ್ತೂ ದುಡಿಮೆಯ ಹೊತ್ತೇ ಎಂದು ಹೇಳಿ, ಆ ಸಾವನ್ನು ಅತಿದುಡಿಮೆಯ ಸಾವೆಂದು ಎತ್ತಿಹಿಡಿಯಿತು. ಅಲ್ಲಿಯವರೆಗೆ ಅಂಥ ಹೊತ್ತನ್ನು ಸ್ವಯಂಪ್ರೇರಣೆಯ ಖಾತೆಗೆ ಹಾಕಲಾಗುತ್ತಿತ್ತು.

ನಮ್ಮ ಕಾರ್ಖಾನೆಗಳಲ್ಲಿ ಪಾಳಿ ಶುರುವಾಗುವ ಹತ್ತು ನಿಮಿಷ ಮುಂಚೆ ನಿಲ್ಲಿಸಿ ನಡೆಸುವ ಬೆಳಗಿನ ಸಭೆಯನ್ನು ನೆನೆದುಕೊಂಡರೆ ಈ ತೀರ್ಪು ದೂರದ್ದಾಗಿ ಕಾಣುವುದಿಲ್ಲ. ದಿನಕ್ಕೆ ಹತ್ತು ನಿಮಿಷ, ವರ್ಷಕ್ಕೆ 300 ದಿನ ಎಂದರೆ 50 ಗಂಟೆ, ಅಂದರೆ ಆರು ಪಾಳಿಗೂ ಹೆಚ್ಚು. ಪಂಚಿಂಗ್ ಆದಮೇಲೆ, ಆದರೆ ಸಂಬಳದ ಲೆಕ್ಕ ಶುರುವಾಗುವ ಮೊದಲು, ಆರು ಪಾಳಿಯ ದುಡಿಮೆ ಹೀಗೆ ಹೋಗುತ್ತದೆ.

ಲೀನ್ ಪದ್ಧತಿಯ ತಿರುಳು ಮೂರು ಜಪಾನಿ ಪದಗಳಲ್ಲಿದೆ: ಮುದ, ಮುರ, ಮುರಿ. ಮುದ ಎಂದರೆ ವ್ಯರ್ಥ. ಮುರ ಎಂದರೆ ಏರುಪೇರು. ಮುರಿ ಎಂದರೆ ಮನುಷ್ಯನ ಮೇಲೆ ಅಥವಾ ಯಂತ್ರದ ಮೇಲೆ ಮಿತಿಮೀರಿ ಹೇರಿದ ಹೊರೆ. ಕನ್ನಡದ ಕಿವಿಗೆ ಮೊದಲನೆಯದು ಹಿತವಾಗಿ ಕೇಳುತ್ತದೆ, ಕೊನೆಯದು ಸೊಂಟ ಮುರಿಯುವ ಮುರಿಯಾಗಿಯೇ ಕೇಳುತ್ತದೆ. ಬಿಡದಿಯಿಂದ ದಾಬಸ್‌ಪೇಟೆಯವರೆಗೆ, ಪೀಣ್ಯದಿಂದ ನರಸಾಪುರದವರೆಗೆ ನಾನು ಕಾಲಿಟ್ಟ ಕಾರ್ಖಾನೆಗಳ ಗೋಡೆಗಳ ಮೇಲೆ ಏಳು ಬಗೆಯ ಮುದಗಳ ಪಟ್ಟಿಯನ್ನು ಬಣ್ಣಬಣ್ಣದ ಫಲಕಗಳಲ್ಲಿ ಕಂಡಿದ್ದೇನೆ: ಬೇಕಾದ್ದಕ್ಕಿಂತ ಹೆಚ್ಚು ತಯಾರಿಕೆ, ಕಾಯುವಿಕೆ, ಸಾಗಾಟ, ಬೇಡದ ಸಂಸ್ಕರಣೆ, ದಾಸ್ತಾನು, ಅನಗತ್ಯ ಚಲನೆ, ದೋಷ. ಮುರಿಯ ಹೆಸರನ್ನು ಬರೆದ ಫಲಕ ಒಂದನ್ನೂ ನಾನು ನೋಡಿಲ್ಲ. ಮೂರು ಕಾಲಿನ ಪೀಠದಲ್ಲಿ ಒಂದು ಕಾಲನ್ನು ಮಾತ್ರ ನಾವು ತಂದಿಟ್ಟುಕೊಂಡೆವು.

ಅದು ಅಂಕಿಗಳಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಆ ಕೆಲಸವನ್ನು ನಾನೇ ಮಾಡಿದ್ದೇನೆ. ನಾನಿದ್ದದ್ದು ಇಂಡಸ್ಟ್ರಿಯಲ್ ಇಂಜಿನಿಯರಿಂಗ್ ವಿಭಾಗ. ಲೈನಿನ ಜನ ನಮ್ಮನ್ನು "ಸ್ಟಾಪ್‌ವಾಚಿನವರು" ಎನ್ನುತ್ತಿದ್ದರು. ಎಂಟು ಗಂಟೆಯ ಪಾಳಿ ಎಂದರೆ 480 ನಿಮಿಷ. ಊಟದ ಅರ್ಧ ಗಂಟೆ, ಎರಡು ಟೀ ವಿರಾಮಗಳ ಇಪ್ಪತ್ತು ನಿಮಿಷ ಕಳೆದರೆ 430 ನಿಮಿಷ. ಪಾಳಿಗೆ 430 ಪೀಸು ಬೇಕೆಂದಿದ್ದರೆ ಒಂದು ಪೀಸಿಗೆ 60 ಸೆಕೆಂಡು. ಇದೇ ಟ್ಯಾಕ್ಟ್ ಸಮಯ. ನಮ್ಮ ಒಂದು ಸೆಲ್‌ನಲ್ಲಿ, ಅಂದರೆ ಒಟ್ಟಿಗೆ ಜೋಡಿಸಿದ ಸ್ಟೇಷನ್ನುಗಳ ಒಂದು ಗುಂಪಿನಲ್ಲಿ, ಆರು ಜನ ಇದ್ದರು, ಅವರ ಆರೂ ಕೆಲಸಗಳ ಒಟ್ಟು ಸಮಯ ಪೀಸಿಗೆ 318 ಸೆಕೆಂಡು. ಅದನ್ನು 60ರಿಂದ ಭಾಗಿಸಿದರೆ 5.3 ಜನ. ಆ 0.3 ಎಂಬುದು ಆಡಳಿತದ ಕಣ್ಣು ಕುಕ್ಕುವ ಅಂಕಿ. ಹದಿನೆಂಟು ಸೆಕೆಂಡು ತೆಗೆದರೆ ಒಬ್ಬರನ್ನು ಕಡಿಮೆ ಮಾಡಬಹುದು ಎಂದು ನನಗೆ ಹೇಳಿದರು. ನಾನು ಎರಡು ವಾರ ಕೂತು ಆ ಹದಿನೆಂಟು ಸೆಕೆಂಡನ್ನು ಹುಡುಕಿದೆ: ಇಲ್ಲಿ ತಿರುಗುವುದು ಎರಡು ಸೆಕೆಂಡು, ಅಲ್ಲಿ ಗೇಜ್ ಕೆಳಗಿಡುವುದು ಒಂದೂವರೆ, ಮತ್ತೊಂದು ಕಡೆ ಕೈ ಒರೆಸಿಕೊಳ್ಳುವುದು ಒಂದು. 300 ಸೆಕೆಂಡು ಆಯಿತು, ಐವರಿಗೆ ತಲಾ 60. ಬಣ್ಣದ ಕಾಗದದ ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿದ ಯಮಾಝುಮಿ ಚಾರ್ಟಿನಲ್ಲಿ ಐದು ಕಂಬಗಳೂ 60 ಸೆಕೆಂಡಿನ ಕೆಂಪು ಗೆರೆಗೆ ಸರಿಯಾಗಿ ತಾಗಿ ನಿಂತವು. ಆ ಚಾರ್ಟನ್ನು ನೋಡಿ ನನಗೆ ಅಂದು ಬಹಳ ಹೆಮ್ಮೆಯಾಗಿತ್ತು.

ಹೊಸ ಕ್ರಮ ಶುರುವಾದ ಮೂರನೇ ದಿನ, ಸೆಲ್‌ನ ಹಿರಿಯ ಆಪರೇಟರ್ ಟೀ ವಿರಾಮದಲ್ಲಿ ಚಾರ್ಟಿನ ಮುಂದೆ ನಿಂತಿದ್ದರು. ಹಾಸನದ ಕಡೆಯವರು, ಇಪ್ಪತ್ತೆರಡು ವರ್ಷದ ಸೇವೆ. ಅವರು ಬೆರಳಿನಿಂದ ತಮ್ಮ ಕಂಬವನ್ನು ಕೆಳಗಿನಿಂದ ಮೇಲಕ್ಕೆ ಮುಟ್ಟುತ್ತ ಹೋಗಿ, "ಸರ್, ನೀರು ಕುಡಿಯೋದನ್ನ ಇದರಲ್ಲಿ ಯಾವ ಬಣ್ಣದಲ್ಲಿ ಹಾಕಿದೀರಿ?" ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದರು. ನನ್ನ ಬಳಿ ಉತ್ತರ ಇರಲಿಲ್ಲ.

ಉತ್ತರ ನಾನು ಓದಿದ ಪಾಠದಲ್ಲೇ ಇತ್ತು. ಕೆಲಸದ ಅಧ್ಯಯನಕ್ಕೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ದಶಕಗಳ ಹಿಂದೆಯೇ ಒದಗಿಸಿದ ಕೋಷ್ಟಕದಲ್ಲಿ, ಅಳೆದ ಸಮಯಕ್ಕೆ ಸ್ವಂತ ಅಗತ್ಯಗಳಿಗೆಂದು ಗಂಡಸರಿಗೆ ಶೇಕಡ 5, ಹೆಂಗಸರಿಗೆ ಶೇಕಡ 7, ಮೂಲ ಆಯಾಸಕ್ಕೆಂದು ಇಬ್ಬರಿಗೂ ಶೇಕಡ 4 ಸೇರಿಸಬೇಕೆಂದಿದೆ. ನಿಂತು ಮಾಡುವ ಕೆಲಸ, ಬಗ್ಗಿ ಮಾಡುವ ಕೆಲಸ, ಭಾರ ಎತ್ತುವ ಕೆಲಸಗಳಿಗೆ ಅದರ ಮೇಲೆ ಇನ್ನಷ್ಟು. ಇದನ್ನೇ ನಾವು ಅಲೋವೆನ್ಸ್ ಎನ್ನುವುದು. ಲೀನ್ ತರಬೇತಿಗೆ ಬಂದ ಸಲಹೆಗಾರರು ಅದನ್ನೂ ಮುದದ ಪಟ್ಟಿಗೆ ಸೇರಿಸಿ ನಮ್ಮ ಹಾಳೆಯಿಂದ ತೆಗೆಸಿದ್ದರು. ಬರೀ ಶೇಕಡ 9ನ್ನು ಮರಳಿ ಸೇರಿಸಿ ನೋಡಿದರೆ 300 ಸೆಕೆಂಡು 327 ಆಗುತ್ತದೆ, ಅಂದರೆ ಸುಮಾರು ಐದೂವರೆ ಜನರ ಕೆಲಸ. ನಾನು ಎರಡು ವಾರ ಕೂತು ಕಡಿಮೆ ಮಾಡಿದ್ದೆನೆಂದುಕೊಂಡ ಆ ಆರನೆಯ ಮನುಷ್ಯ, ಉಳಿದ ಐವರು ನೀರು ಕುಡಿಯುವ, ಬೆವರು ಒರೆಸುವ, ಶೌಚಾಲಯಕ್ಕೆ ಹೋಗಿಬರುವ ಹೊತ್ತಿನಲ್ಲಿ ಇದ್ದ. ನಾನು ವ್ಯರ್ಥವನ್ನು ತೆಗೆದಿರಲಿಲ್ಲ, ಅದನ್ನು ಐದು ಮೈಗಳ ಮೇಲೆ ಹಂಚಿದ್ದೆ.

ಆ ವಾರವೇ ಯೂನಿಯನ್‌ನ ಪ್ರಧಾನ ಕಾರ್ಯದರ್ಶಿ ಒಂದು ಪತ್ರ ಕೊಟ್ಟರು. ಅದರಲ್ಲಿ ಘೋಷಣೆ, ಬೈಗುಳ ಏನೂ ಇರಲಿಲ್ಲ. ಔದ್ಯೋಗಿಕ ವಿವಾದಗಳ ಕಾಯ್ದೆ, 1947ರ 9ಎ ಕಲಮನ್ನು ಉಲ್ಲೇಖಿಸಿ, ನಾಲ್ಕನೇ ಅನುಸೂಚಿಯಲ್ಲಿ ಹೇಳಿದ ಸೇವಾ ಷರತ್ತುಗಳನ್ನು ಬದಲಿಸುವ ಮೊದಲು 21 ದಿನಗಳ ನೋಟಿಸು ಕೊಡಬೇಕಿತ್ತು ಎಂದಷ್ಟೇ ಬರೆದಿತ್ತು. ಆ ಅನುಸೂಚಿಯನ್ನು ನಾನು ಅಂದೇ ಮೊದಲ ಬಾರಿಗೆ ಓದಿದ್ದು. ಕಾರ್ಮಿಕರ ಕಡಿತಕ್ಕೆ ದಾರಿಯಾಗಬಹುದಾದ ಕೆಲಸದ ಮರುವ್ಯವಸ್ಥೆ (ರ್ಯಾಷನಲೈಸೇಷನ್), ಪ್ರಮಾಣೀಕರಣ, ಯಂತ್ರ ಅಥವಾ ತಂತ್ರದ ಸುಧಾರಣೆ ಒಂದು ಬಾಬತ್ತು. ಒಂದು ವಿಭಾಗದಲ್ಲೋ ಪಾಳಿಯಲ್ಲೋ ದುಡಿಯುವವರ ಸಂಖ್ಯೆಯನ್ನು ಹೆಚ್ಚಿಸುವುದು ಅಥವಾ ಇಳಿಸುವುದು ಇನ್ನೊಂದು ಬಾಬತ್ತು. ಲೀನ್ ಎಂಬ ಪದ ಹುಟ್ಟುವುದಕ್ಕೆ ಮೂವತ್ತು ವರ್ಷಕ್ಕೂ ಮೊದಲೇ, ಸ್ವಾತಂತ್ರ್ಯ ಬಂದ ವರ್ಷದ ಕಾಯ್ದೆಗೆ 1956ರಲ್ಲಿ ಸೇರಿಸಿದ ಈ ಕಲಮು, ನನ್ನ ಆ ಚಾರ್ಟಿನ ಬಗ್ಗೆ ಮಾತಾಡಿತ್ತು. ಇಂಜಿನಿಯರಿಂಗ್ ಓದಿದ ನಮಗೆ ಇದನ್ನು ಯಾರೂ ಕಲಿಸದೆ ಇದ್ದದ್ದು ದೊಡ್ಡ ಲೋಪವೆಂದೇ ನನಗೆ ಇಂದಿಗೂ ಅನಿಸುತ್ತದೆ.

ಮಾತುಕತೆ ಹನ್ನೊಂದು ದಿನ ನಡೆಯಿತು. ಕೊನೆಗೆ ಒಪ್ಪಿಕೊಂಡದ್ದು ಜಂಟಿ ಅಧ್ಯಯನಕ್ಕೆ. ಒಂದು ಸ್ಟಾಪ್‌ವಾಚ್ ನನ್ನ ಕೈಯಲ್ಲಿ, ಇನ್ನೊಂದು ಯೂನಿಯನ್ ಕಳಿಸಿದ ಆಪರೇಟರ್ ಕೈಯಲ್ಲಿ. ಪಾಳಿಯ ಮೊದಲ ಗಂಟೆಯಲ್ಲೂ ಕೊನೆಯ ಗಂಟೆಯಲ್ಲೂ ಅಳೆಯಬೇಕು, ಅಲೋವೆನ್ಸ್ ಸೇರಿಸಬೇಕು, ಆರನೆಯವರನ್ನು ಅಲ್ಲಿಯವರೆಗೆ ಸೆಲ್‌ಗೆ ವಾಪಸು ಕಳಿಸಬೇಕು. ನಾಲ್ಕು ದಿನದ ಆ ಅಧ್ಯಯನದಲ್ಲಿ ನಾನು ಕಲಿತಷ್ಟನ್ನು ಅದಕ್ಕೆ ಮೊದಲಿನ ಆರು ವರ್ಷದಲ್ಲಿ ಕಲಿತಿರಲಿಲ್ಲ. ನೀರಿನ ಪ್ರಶ್ನೆ ಕೇಳಿದ್ದ ಅದೇ ಹಿರಿಯರು, ಎರಕದ ಬಿಡಿಭಾಗ ತುಂಬಿದ ಬಿನ್ ನೆಲದ ಮೇಲಿರುವುದರಿಂದ ಪ್ರತಿ ಪೀಸಿಗೂ ಬಗ್ಗಬೇಕಾಗುತ್ತದೆ, ಅದನ್ನು ಸೊಂಟದ ಎತ್ತರಕ್ಕೆ ತಂದು ರೋಲರ್ ಮೇಲೆ ಜಾರುವಂತೆ ಮಾಡಿದರೆ ಬಗ್ಗುವುದೂ ತಪ್ಪುತ್ತದೆ, ಎರಡು ಹೆಜ್ಜೆ ನಡೆಯುವುದೂ ತಪ್ಪುತ್ತದೆ ಎಂದು ತೋರಿಸಿದರು. "ಇದನ್ನ ಮುಂಚೆನೇ ಹೇಳಬಹುದಿತ್ತಲ್ಲಣ್ಣ" ಎಂದು ನಾನು ಕೇಳಿದ್ದಕ್ಕೆ, "ಮುಂಚೆ ಹೇಳಿದ್ರೆ ನಮ್ಮ ಹುಡುಗನ ಕೆಲಸಕ್ಕೇ ಕುತ್ತು ಬರ್ತಿತ್ತಲ್ಲ ಸರ್" ಎಂದರು.

ಕೋನದ ಕಬ್ಬಿಣ ಬೆಸೆದು ಮೆಂಟೆನೆನ್ಸ್‌ನವರು ಎರಡೇ ದಿನದಲ್ಲಿ ಆ ಸ್ಟ್ಯಾಂಡ್ ಮಾಡಿಕೊಟ್ಟರು. ಅದೂ, ಅಂಥವೇ ಇನ್ನೆರಡು ಬದಲಾವಣೆಗಳೂ ಸೇರಿ ಒಟ್ಟು ಸಮಯ 272 ಸೆಕೆಂಡಿಗೆ ಇಳಿಯಿತು. ಶೇಕಡ 9 ಸೇರಿಸಿದರೂ 297 ದಾಟಲಿಲ್ಲ. ಈಗ ಐವರು ಸಾಕು ಎಂಬುದು ಐವರಿಗೂ ಗೊತ್ತಿತ್ತು. ಆರನೆಯವರನ್ನು ರಿಲೀವರ್ ಎಂದು ಖಾಯಂ ಆಗಿ ನೇಮಿಸಿ, ಆ ಸೆಲ್ ಮತ್ತು ಪಕ್ಕದ ಎರಡು ಸೆಲ್‌ಗಳಲ್ಲಿ ಯಾರಾದರೂ ಎದ್ದು ಹೋಗಬೇಕಾದಾಗ ಆ ಜಾಗಕ್ಕೆ ನಿಲ್ಲುವ ಕೆಲಸ ಕೊಟ್ಟರು. ನನ್ನ ಮೊದಲಿನ ಚಾರ್ಟು 18 ಸೆಕೆಂಡನ್ನು ಹಿಂಡಿ ತೆಗೆದಿತ್ತು. ಯೂನಿಯನ್ ಅಡ್ಡ ನಿಂತ ಮೇಲೆ 46 ಸೆಕೆಂಡು ತಾನಾಗಿ ಹೊರಬಂತು. ಯೂನಿಯನ್ ಇದ್ದಲ್ಲಿ ಲೀನ್ ಆಗದು ಎನ್ನುವ ವಿದ್ಯಾರ್ಥಿಗೆ ನಾನು ಬೋರ್ಡಿನ ಮೇಲೆ ಬರೆದು ತೋರಿಸುವುದು ಈ ಎರಡು ಅಂಕಿಗಳನ್ನು.

ಇದಕ್ಕಿಂತ ಎಷ್ಟೋ ದೊಡ್ಡ ಪ್ರಮಾಣದಲ್ಲಿ ಇದು ನಡೆದ ಜಾಗ ಅಮೆರಿಕದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್. ಜನರಲ್ ಮೋಟಾರ್ಸ್‌ನ ಅಲ್ಲಿನ ಕಾರ್ಖಾನೆ ಗೈರುಹಾಜರಿಗೆ, ಜಗಳಕ್ಕೆ, ಕಳಪೆ ಕಾರುಗಳಿಗೆ ಕುಖ್ಯಾತವಾಗಿ 1982ರಲ್ಲಿ ಮುಚ್ಚಿತ್ತು. 1984ರಲ್ಲಿ ಅದೇ ಕಟ್ಟಡದಲ್ಲಿ ಟೊಯೋಟಾ ಮತ್ತು ಜನರಲ್ ಮೋಟಾರ್ಸ್ ಜಂಟಿಯಾಗಿ ನುಮ್ಮಿ ಎಂಬ ಕಂಪನಿ ತೆರೆದವು. ಕೆಲಸಕ್ಕೆ ತೆಗೆದುಕೊಂಡವರಲ್ಲಿ ಬಹುಪಾಲು ಅದೇ ಹಳೆಯ ಕಾರ್ಮಿಕರು, ಯೂನಿಯನ್ ಅದೇ ಯುನೈಟೆಡ್ ಆಟೋ ವರ್ಕರ್ಸ್. ಹಿಂದೆ ಶೇಕಡ 20ರ ಆಸುಪಾಸಿನಲ್ಲಿದ್ದ ಗೈರುಹಾಜರಿ ಶೇಕಡ 5ರೊಳಗೆ ಬಂತು. ಹಳೆಯ ಕಾರ್ಖಾನೆಯಲ್ಲಿ ಕೆಲಸದ ಸಮಯ ನಿಗದಿ ಮಾಡಲು ಸುಮಾರು 80 ಮಂದಿ ಇಂಡಸ್ಟ್ರಿಯಲ್ ಇಂಜಿನಿಯರುಗಳಿದ್ದರು. ನುಮ್ಮಿಯಲ್ಲಿ ಸ್ಟಾಪ್‌ವಾಚ್ ಹಿಡಿದು ತಮ್ಮ ಕೆಲಸವನ್ನು ತಾವೇ ಅಳೆದವರು ತಂಡದ ಕಾರ್ಮಿಕರು. ಎಲ್ಲಕ್ಕಿಂತ ಮುಖ್ಯವಾದದ್ದು ಒಪ್ಪಂದದ ಒಂದು ಕಲಮು: ಕಂಪನಿಯ ಉಳಿವಿಗೇ ಧಕ್ಕೆ ಬರುವಂಥ ಸ್ಥಿತಿ ಬಂದ ಹೊರತು ಯಾರನ್ನೂ ಲೇ-ಆಫ್ ಮಾಡುವುದಿಲ್ಲ, ಅದಕ್ಕೆ ಮೊದಲು ಅಧಿಕಾರಿಗಳ ಸಂಬಳ ಇಳಿಸುತ್ತೇವೆ, ಹೊರಗೆ ಕೊಟ್ಟ ಕೆಲಸವನ್ನು ಒಳಗೆ ತರುತ್ತೇವೆ. 1988ರಲ್ಲಿ ಕಾರು ಮಾರಾಟ ಕುಸಿದು ಲೈನಿನ ವೇಗ ಇಳಿಸಬೇಕಾಗಿ ಬಂದಾಗ ಆ ಕಲಮು ಪರೀಕ್ಷೆಗೆ ಒಳಗಾಯಿತು, ಮತ್ತು ಉಳಿಯಿತು; ಹೆಚ್ಚಾದವರನ್ನು ತರಬೇತಿಗೂ ಸುಧಾರಣಾ ತಂಡಗಳಿಗೂ ಹಾಕಿದರು. ಅದೇ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಜಾನ್ ಕ್ರಾಫ್‌ಸಿಕ್ ಎಂಬ ಇಂಜಿನಿಯರೇ ಆ ವರ್ಷ ಒಂದು ಲೇಖನದಲ್ಲಿ ಲೀನ್ ಎಂಬ ಪದವನ್ನು ಚಾಲ್ತಿಗೆ ತಂದದ್ದು. ಅಂದರೆ ಲೀನ್ ಎಂಬ ಹೆಸರಿನ ಬೇರಿನಲ್ಲೇ ಒಂದು ಯೂನಿಯನ್ ಕಾರ್ಖಾನೆ ಇದೆ.

ನುಮ್ಮಿಯನ್ನು ಟೀಕಿಸಿದವರ ಮಾತನ್ನೂ ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಮೈಕ್ ಪಾರ್ಕರ್ ಮತ್ತು ಜೇನ್ ಸ್ಲಾಟರ್ ಎಂಬ ಕಾರ್ಮಿಕ ಚಳವಳಿಯ ಬರಹಗಾರರು ಇದನ್ನು ಒತ್ತಡದ ಮೂಲಕ ಆಡಳಿತ ಎಂದು ಕರೆದರು: ಆಂಡಾನ್ ಫಲಕದ ಎಲ್ಲ ದೀಪಗಳೂ ಹಸಿರಾಗಿದ್ದರೆ ಲೈನಿನಲ್ಲಿ ಇನ್ನೂ ಸಡಿಲವಿದೆ ಎಂದುಕೊಂಡು ಆಡಳಿತ ಇನ್ನಷ್ಟು ಬಿಗಿಯುತ್ತದೆ, ಎಲ್ಲಿ ಮುರಿಯುತ್ತದೆಂದು ತಿಳಿಯುವವರೆಗೂ ಬಿಗಿಯುತ್ತದೆ ಎಂಬುದು ಅವರ ವಾದ. 1993ರಲ್ಲಿ ಕ್ಯಾಲಿಫೋರ್ನಿಯಾದ ಕಾರ್ಮಿಕ ಸುರಕ್ಷತಾ ಇಲಾಖೆಯೇ ಮೈಕೈ ನೋವಿನ ದೂರುಗಳ ವಿಚಾರದಲ್ಲಿ ನುಮ್ಮಿಗೆ ನೋಟಿಸು ಕೊಟ್ಟಿತು. ಅದಕ್ಕೂ ಮುಂಚೆ 1992ರಲ್ಲಿ ಕೆನಡಾದ ಇಂಗರ್ಸಾಲ್‌ನಲ್ಲಿ ಜನರಲ್ ಮೋಟಾರ್ಸ್ ಮತ್ತು ಸುಜುಕಿಯ ಕಾಮಿ ಕಾರ್ಖಾನೆಯ ಕಾರ್ಮಿಕರು ಐದು ವಾರ ಮುಷ್ಕರ ಮಾಡಿದ್ದರು. ಸಹಕಾರ ಎಂಬ ಪದವನ್ನು ಕೇಳಿ ಕೇಳಿ ಸಾಕಾದವರು ಅವರು.

ಆಡಳಿತಗಳು ಲೀನ್ ಕಾರ್ಖಾನೆಯಲ್ಲಿ ಯೂನಿಯನ್ನಿಗೆ ಅಂಜುವುದಕ್ಕೆ ಇನ್ನೊಂದು ಕಾರಣವಿದೆ. ಗೋದಾಮಿನಲ್ಲಿ ತಿಂಗಳ ದಾಸ್ತಾನಿದ್ದ ಕಾಲದಲ್ಲಿ ಒಂದು ವಿಭಾಗ ನಿಂತರೂ ಉಳಿದದ್ದು ನಡೆಯುತ್ತಿತ್ತು. ಎರಡು ಗಂಟೆಯ ದಾಸ್ತಾನಿನ ಮೇಲೆ ನಡೆಯುವ ಲೈನು ಹಾಗಲ್ಲ. 1998ರಲ್ಲಿ ಅಮೆರಿಕದ ಫ್ಲಿಂಟ್ ನಗರದ ಎರಡು ಬಿಡಿಭಾಗದ ಕಾರ್ಖಾನೆಗಳ ಸುಮಾರು 9,200 ಕಾರ್ಮಿಕರು 54 ದಿನ ಕೆಲಸ ನಿಲ್ಲಿಸಿದಾಗ ಉತ್ತರ ಅಮೆರಿಕದಲ್ಲಿ ಜನರಲ್ ಮೋಟಾರ್ಸ್‌ನ ಬಹುತೇಕ ಎಲ್ಲ ಅಸೆಂಬ್ಲಿ ಕಾರ್ಖಾನೆಗಳೂ ನಿಂತವು. ದಾಸ್ತಾನು ಕಡಿಮೆಯಾದಷ್ಟೂ ಪರಸ್ಪರ ನಂಬಿಕೆ ಹೆಚ್ಚಾಗಿರಬೇಕು. ಆ ನಂಬಿಕೆಯನ್ನು ಗಳಿಸಿಕೊಳ್ಳುವ ಬದಲು ಯೂನಿಯನ್ನನ್ನೇ ಇಲ್ಲವಾಗಿಸಿದರೆ ಸಾಕೆಂದು ನಮ್ಮ ಅನೇಕ ಕಾರ್ಖಾನೆಗಳು ಎಣಿಸಿಕೊಂಡಿವೆ.

ನಮ್ಮ ರಾಜ್ಯದಲ್ಲಿ ಈ ವಿಷಯ ಬಂದರೆ ಬಿಡದಿಯ ಹೆಸರು ಬಂದೇ ಬರುತ್ತದೆ. ಟೊಯೋಟಾ ಕಿರ್ಲೋಸ್ಕರ್ ಮೋಟಾರ್ 1997ರಲ್ಲಿ ಸ್ಥಾಪನೆಯಾಗಿ 1999ರ ಡಿಸೆಂಬರ್‌ನಲ್ಲಿ ಉತ್ಪಾದನೆ ಆರಂಭಿಸಿತು. ಜಪಾನಿನಲ್ಲಿ ಅರ್ಧ ಶತಮಾನ ಮುಷ್ಕರವನ್ನೇ ಕಾಣದ ಕಂಪನಿಗೆ ಇಲ್ಲಿ 2006ರ ಜನವರಿಯಲ್ಲಿ ಮುಷ್ಕರ ಮತ್ತು ಲಾಕೌಟ್, 2014ರ ಮಾರ್ಚ್‌ನಲ್ಲಿ ವೇತನ ಒಪ್ಪಂದದ ವಿಚಾರಕ್ಕೆ ಮತ್ತೆ ಲಾಕೌಟ್, 2020ರ ನವೆಂಬರ್‌ನಲ್ಲಿ ಯೂನಿಯನ್ ಪದಾಧಿಕಾರಿಯ ಅಮಾನತಿನಿಂದ ಆರಂಭವಾಗಿ 2021ರ ಮಾರ್ಚ್‌ವರೆಗೆ ಎಳೆದ ದೊಡ್ಡ ವಿವಾದ. ಆ ಕೊನೆಯ ವಿವಾದದಲ್ಲಿ ಕೆಲಸದ ಹೊರೆ ಹೆಚ್ಚಾಗಿದೆ ಎಂಬುದು ಯೂನಿಯನ್‌ನ ಮುಖ್ಯ ದೂರಾಗಿತ್ತು; ಕಾರ್ಮಿಕರು ಅಶಿಸ್ತಿನಿಂದ ವರ್ತಿಸಿ ಸುರಕ್ಷತೆಗೆ ಧಕ್ಕೆ ತಂದರು ಎಂಬುದು ಆಡಳಿತದ ಮಾತು. ಸರ್ಕಾರ ಮುಷ್ಕರ, ಲಾಕೌಟ್ ಎರಡನ್ನೂ ನಿಷೇಧಿಸಿತು. 2014ರಲ್ಲೂ 2020ರಲ್ಲೂ ಗೇಟು ತೆರೆದ ಮೇಲೂ ಜನ ಒಳಗೆ ಹೋಗದೆ ಉಳಿದದ್ದಕ್ಕೆ ಒಂದು ಕಾರಣ, ಸದ್ವರ್ತನೆಯ ಮುಚ್ಚಳಿಕೆ ಬರೆದುಕೊಟ್ಟೇ ಒಳಗೆ ಬರಬೇಕೆಂದು ಕೇಳಿದ್ದು. ಯಾರದು ಸರಿ, ಯಾರದು ತಪ್ಪು ಎಂದು ಹೊರಗಿನವನಾದ ನಾನು ತೀರ್ಪು ಕೊಡಲಾರೆ. ಆದರೆ ಮುಚ್ಚಳಿಕೆ ಎಂಬ ಪದದ ಬಗ್ಗೆ ಒಂದು ಮಾತು ಹೇಳಬಲ್ಲೆ. ನಮ್ಮ ಕಡೆ ಅದನ್ನು ಪೊಲೀಸ್ ಠಾಣೆಯಲ್ಲಿ ಬರೆಸಿಕೊಳ್ಳುತ್ತಾರೆ. ನಾಳೆ ಬೆಳಿಗ್ಗೆ ಹಗ್ಗ ಎಳೆದು, "ಇಲ್ಲಿ ತಪ್ಪಾಗಿದೆ, ಲೈನು ನಿಲ್ಲಿಸಿ" ಎಂದು ಹೇಳಬೇಕಾದ ಮನುಷ್ಯನಿಂದ ಇವತ್ತು ಮುಚ್ಚಳಿಕೆ ಬರೆಸಿಕೊಂಡರೆ ಆ ಕೈ ಮೇಲೇಳುವುದಾದರೂ ಹೇಗೆ?

ಯೂನಿಯನ್‌ಗಳ ತಪ್ಪನ್ನೂ ಹೇಳದಿದ್ದರೆ ನಾನು ಪ್ರಾಮಾಣಿಕನಲ್ಲ. ಖಾಯಂ ಕಾರ್ಮಿಕರ ಹೊರೆಯನ್ನು ತಡೆದ ಕಡೆಗಳಲ್ಲಿ ಆ ಹೊರೆ ಗಾಳಿಗೆ ಹೋಗಲಿಲ್ಲ, ಕಾಂಟ್ರ್ಯಾಕ್ಟ್ ಹುಡುಗರ ಮೇಲೆ, ಟ್ರೈನಿಗಳ ಮೇಲೆ ಬಿತ್ತು. 2013ರಲ್ಲಿ ಬಂದ ನೀಮ್ (ನ್ಯಾಷನಲ್ ಎಂಪ್ಲಾಯಬಿಲಿಟಿ ಎನ್‌ಹ್ಯಾನ್ಸ್‌ಮೆಂಟ್ ಮಿಷನ್) ಯೋಜನೆಯಡಿ ತರಬೇತಿಯ ಹೆಸರಿನಲ್ಲಿ ಲೈನಿನ ಮೇಲೆ ನಿಂತ ಸಾವಿರಾರು ಯುವಕ ಯುವತಿಯರಿಗೆ ಕಾರ್ಮಿಕರೆಂಬ ಹೆಸರೇ ಇರಲಿಲ್ಲ, ಪಿ.ಎಫ್. ಇರಲಿಲ್ಲ; ಆ ಯೋಜನೆಯನ್ನು ಹಿಂತೆಗೆದುಕೊಂಡದ್ದು 2022ರ ಕೊನೆಗೆ. ದಾಸ್ತಾನನ್ನು ತೆಗೆದ ಲೀನ್ ಪದ್ಧತಿಗೆ ಬೇಡಿಕೆ ಏರಿದಾಗ ಕರೆದು ಇಳಿದಾಗ ಕಳಿಸುವ ಮನುಷ್ಯರೇ ದಾಸ್ತಾನಾದರು. ನಮ್ಮ ಕಾರ್ಖಾನೆಯಲ್ಲೂ ಹಗ್ಗ ಕಟ್ಟಿದ್ದ ಆ ರಾತ್ರಿ ಅದರ ಕೆಳಗೆ ನಿಂತಿದ್ದವರಲ್ಲಿ ಹೆಚ್ಚಿನವರು ಟ್ರೈನಿಗಳೇ. ಅವರಿಗೆ ಯೂನಿಯನ್ ಸದಸ್ಯತ್ವ ಇರಲಿಲ್ಲ, ಕೊಡಬೇಕೆಂದು ಸಮಿತಿಯಲ್ಲಿ ಒಬ್ಬರು ಎತ್ತಿದ ಮಾತು ಎರಡು ಬಾರಿ ಬಿದ್ದುಹೋಯಿತು. 2011ರಲ್ಲಿ ಹರಿಯಾಣದ ಮಾನೇಸರ್‌ನ ಮಾರುತಿ ಕಾರ್ಖಾನೆಯಲ್ಲಿ ಖಾಯಂ ಮತ್ತು ಕಾಂಟ್ರ್ಯಾಕ್ಟ್ ಕಾರ್ಮಿಕರು ಒಟ್ಟಿಗೆ ನಿಂತದ್ದು ದೇಶದ ಗಮನ ಸೆಳೆದದ್ದೇ ಅದು ಅಪರೂಪವಾದ್ದರಿಂದ. ಮರುವರ್ಷ ಜುಲೈ 18ರಂದು ಅಲ್ಲಿ ನಡೆದ ಹಿಂಸೆಯಲ್ಲಿ ಎಚ್.ಆರ್. ಅಧಿಕಾರಿಯೊಬ್ಬರು ಪ್ರಾಣ ಕಳೆದುಕೊಂಡದ್ದನ್ನು ಯಾವ ಕಾರಣ ಕೊಟ್ಟೂ ಸಮರ್ಥಿಸಲಾಗದು. ಆದರೆ ಏಳು ನಿಮಿಷದ ಟೀ ವಿರಾಮದ ಬಗ್ಗೆ ಅಲ್ಲಿನ ಕಾರ್ಮಿಕರು ಅದಕ್ಕೂ ಒಂದು ವರ್ಷ ಮೊದಲಿನಿಂದ ಹೇಳುತ್ತಲೇ ಇದ್ದರು.

ಕಾನೂನು ಈಗ ಬದಲಾಗಿದೆ. ಕರ್ನಾಟಕ 2023ರ ತಿದ್ದುಪಡಿಯಲ್ಲಿ, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನದ ದುಡಿಮೆಯನ್ನು 12 ಗಂಟೆಯವರೆಗೆ ಏರಿಸಲು ಅವಕಾಶ ಮಾಡಿ, ಮೂರು ತಿಂಗಳ ಓವರ್‌ಟೈಮ್ ಮಿತಿಯನ್ನು 75ರಿಂದ 144 ಗಂಟೆಗೆ ಹೆಚ್ಚಿಸಿತು. ಕೇಂದ್ರದ ಔದ್ಯೋಗಿಕ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಅನುಮತಿಯಿಲ್ಲದೆ ಕಾರ್ಮಿಕರನ್ನು ಕಡಿತಗೊಳಿಸಬಹುದಾದ ಕಾರ್ಖಾನೆಗಳ ಮಿತಿ 100ರಿಂದ 300 ಕಾರ್ಮಿಕರಿಗೆ ಏರಿದೆ, ಮುಷ್ಕರಕ್ಕೆ 14 ದಿನ ಮುಂಚೆ ನೋಟಿಸು ಕೊಡಬೇಕಾಗಿದೆ. ಹಳೆಯ 9ಎ ಕಲಮು ಮಾತ್ರ 40ನೇ ಕಲಮಾಗಿ, ನಾಲ್ಕನೇ ಅನುಸೂಚಿ ಮೂರನೇ ಅನುಸೂಚಿಯಾಗಿ ಉಳಿದುಕೊಂಡಿದೆ. ನಮ್ಮ ಪ್ರಧಾನ ಕಾರ್ಯದರ್ಶಿ ಅಂದು ಉಲ್ಲೇಖಿಸಿದ ಬಾಬತ್ತುಗಳು ಇಂದಿಗೂ ಅದರಲ್ಲಿವೆ.

ಹಾಗಾಗಿ ಮುಂದಿನ ವೇತನ ಒಪ್ಪಂದಕ್ಕೆ ಕೂರುವ ಸಮಿತಿಯವರಲ್ಲಿ ನನ್ನ ಕೋರಿಕೆ ಇದು. ಬೇಡಿಕೆ ಪಟ್ಟಿಯಲ್ಲಿ ಸಂಬಳ, ಬಸ್ಸು, ಕ್ಯಾಂಟೀನ್ ಜೊತೆಗೆ ಟೈಮ್ ಸ್ಟಡಿಯ ಹಾಳೆಯ ನಕಲನ್ನೂ ಕೇಳಿ. ಅದರಲ್ಲಿ ಅಲೋವೆನ್ಸ್ ಎಂಬ ಕಾಲಂ ಇದೆಯೇ ನೋಡಿ, ಇದ್ದರೆ ಎಷ್ಟು ಬರೆದಿದ್ದಾರೆ ನೋಡಿ. ಪಾಳಿಯ ಯಾವ ಗಂಟೆಯಲ್ಲಿ ಅಳೆದರು, ಅಳೆಯುವಾಗ ನಿಂತಿದ್ದವರು ಹದಿನೆಂಟರ ಹುಡುಗನೋ ಐವತ್ತರ ಹಿರಿಯರೋ ಎಂದು ಕೇಳಿ. ಆ ಸ್ಟೇಷನ್ನಿನ ಟ್ರೈನಿಯನ್ನೂ ಮಾತುಕತೆಗೆ ಮುಂಚೆ ಒಮ್ಮೆ ಕೂರಿಸಿಕೊಂಡು ಮಾತಾಡಿಸಿ. ಹಾಳೆ ಓದುವುದು ಕಷ್ಟವೆನಿಸಿದರೆ ಸ್ಟಾಪ್‌ವಾಚ್ ಹಿಡಿದು ದುಡಿದ ನನ್ನಂಥವರನ್ನು ಕರೆಯಿರಿ. ಭಾನುವಾರಗಳಲ್ಲಿ ನನಗೆ ಪಾಠ ಇರುವುದಿಲ್ಲ, ನಾನು ಬರುತ್ತೇನೆ.